ಹಾಲ್ದಾರ್ ಬಾಬು ಸೆಟ್ಟಿನ ಸಿಳ್ಳೆ

ಸೆಪ್ಟೆಂಬರ್ 9

ಇವತ್ತೂ ಆರು ರೇಡಿಯೋ ಬಂದವು. ಮಹಾಲಯ ಹತ್ತಿರ ಬಂತೆಂದರೆ ಕಲ್ಕತ್ತಾದ ನಮ್ಮ ಕುಮಾರಟುಲಿಯವರಿಗೆಲ್ಲ ಅಟ್ಟದ ಮೇಲಿನ ಹಳೇ ವಾಲ್ವ್ ರೇಡಿಯೋ ಸೆಟ್ ನೆನಪಾಗುತ್ತದೆ. ಆ ಬೆಳಗಿನ ಜಾವ ರೇಡಿಯೋದಲ್ಲಿ ಬರುವ ಚಂಡೀಪಾಠವನ್ನು ಮೊಬೈಲಿನಲ್ಲಿ ಕೇಳಿದರೆ ಪುಣ್ಯ ಅರ್ಧದಾರಿಯಲ್ಲೇ ನಿಲ್ಲುತ್ತದಂತೆ. ಜೇಠು ಹೇಳಿ ನಂಬಿಸಿದ್ದಾರೆ. ಅಪ್ಪನ ಅಣ್ಣ. ಅಪ್ಪ ಆಡದ ಮಾತನ್ನೆಲ್ಲ ಇವರೇ ಆಡಿ ಮುಗಿಸುತ್ತಾರೆ.

ಎಂ.ಎ. ಬಾಂಗ್ಲಾ ಮುಗಿಸಿ ಇವರ ರೇಡಿಯೋ ರಿಪೇರಿ ಅಂಗಡಿಯಲ್ಲಿ ಧೂಳು ಒರೆಸುತ್ತಿದ್ದೇನೆ. "ಓದಿದವಳ ಕೈ, ಮೆತ್ತಗಿದೆ. ವಾಲ್ವ್ ಒಡೆಯಲ್ಲ," ಅಂದರು. ಹೊಗಳಿದ್ದಾ? ಗೊತ್ತಾಗಲಿಲ್ಲ.

ಸೆಪ್ಟೆಂಬರ್ 12

ನಮ್ಮ ಓಣಿಯ ಹಾಲ್ದಾರ್ ಬಾಬು ಅವರ ಸೆಟ್ ರೆಡಿ. ಎರಡು ಕೆಪಾಸಿಟರ್ ಬದಲಾಯಿತು. ಒಂದು ವಾಲ್ವ್ ಹೊಸದು — ಹೊಸದೆಂದರೆ ಚಾಂದನಿ ಮಾರ್ಕೆಟ್ಟಿನ ಹಳೆಯದು. ಜೇಠು ಕಣ್ಣು ಮುಚ್ಚಿ, ಬಿದಿರು ಕಡ್ಡಿಯಿಂದ ಒಳಗಿನ ಸ್ಕ್ರೂ ತಿರುಗಿಸಿ, "ಕ್ಲಿಯರ್" ಅಂದರು. ಸ್ಕ್ರೂ ಮೇಲೆ ಕೆಂಪು ಅರಗಿನ ಹನಿ ಬಿಟ್ಟು ಉಗುರು ಒತ್ತಿದರು. ಆ ಗುರುತು ಬಿದ್ದ ಮೇಲೆ ಯಾರೂ ಮುಟ್ಟುವಂತಿಲ್ಲ. ನಲವತ್ತು ವರ್ಷದ ನಿಯಮ.

ಆದರೆ ಸಿಳ್ಳೆ ಇತ್ತು. ವಾರ್ತೆಯ ಹಿಂದೆ ಸಣ್ಣಗೆ, ಉದ್ದಕ್ಕೆ...

ಜೇಠುಗೆ ಕೇಳಿಸಲಿಲ್ಲವಾ? ಅಥವಾ ನನ್ನ ಕಿವಿಯಲ್ಲೇ ಇದೆಯಾ?

ಸೆಪ್ಟೆಂಬರ್ 13

ಹಾಲ್ದಾರ್ ಬಾಬು ಬಂದು ಕೇಳಿದರು. ಜೇಠು ಹಾಗೇ ಅವರಿಗೂ ಎಪ್ಪತ್ತೈದು. "ಆಹಾ, ಗಾಜು ಇದ್ದಂಗಿದೆ ಗೋಷ್ಠದಾ!" ಅಂದರು ಜೇಠುಗೆ. ಇಬ್ಬರೂ ತಲೆದೂಗಿದರು. ಸಿಳ್ಳೆ ಇಬ್ಬರ ನಡುವೆ ಕೂತು ಚಹಾ ಕುಡಿಯುತ್ತಿತ್ತು.

"ಮನೇಲಿ ಸುಣ್ಣ ಬಳೀತಿದಾರೆ, ಮಹಾಲಯದ ಹಿಂದಿನ ದಿನ ಒಯ್ತೀನಿ. ಇಡೀ ಓಣಿ ನಮ್ಮಂಗಳದಲ್ಲಿ ಕೂರುತ್ತೆ. ನಿನ್ನ ಕಿವಿ ನಂಬಿದೀನಪ್ಪಾ."

ಆವತ್ತು ಓಣಿಗೆಲ್ಲ ಗೊತ್ತಾಗುತ್ತದೆ. ಕಿವುಡನ ಹತ್ತಿರ ಯಾರು ರೇಡಿಯೋ ತರುತ್ತಾರೆ? ಕಿವುಡ... ಬರೆದೇಬಿಟ್ಟೆ. ಹೊಡೆದುಹಾಕಲೂ ಮನಸ್ಸಿಲ್ಲ.

ಸೆಪ್ಟೆಂಬರ್ 14

ಹೇಳಲು ಹೋದೆ. "ಜೇಠು, ಒಂದು ಸಿಳ್ಳೆ..."

"ಯಾವನು ಹೊಡೆದಿದ್ದು? ಅಡ್ರೆಸ್ ಕೊಡು, ಕಾಲು ಮುರೀತೀನಿ."

ನಕ್ಕುಬಿಟ್ಟೆ. ಆಮೇಲೆ ಹೇಳಲಾಗಲಿಲ್ಲ. ತಮಾಷೆಯಾ, ತಪ್ಪಿಸಿಕೊಂಡದ್ದಾ?

ಈಚೆಗೆ ಪ್ರತಿ ಸೆಟ್ಟಿನ ಮೇಲೂ ಅಂಗೈ ಇಟ್ಟು ಕೂರುತ್ತಾರೆ. ಕೇಳಿದರೆ, "ಬಿಸಿ ನೋಡ್ತಿದೀನಿ."

ಸೆಪ್ಟೆಂಬರ್ 18, ಮಧ್ಯಾಹ್ನ

ಮುಟ್ಟಿದೆ.

ಜೇಠು ಊಟಕ್ಕೆ ಹೋಗಿದ್ದರು. ಅರಗು ಚೂರುಚೂರಾಗಿ ಉದುರಿತು. ಸ್ಕ್ರೂ ಕಾಲು ಸುತ್ತೂ ತಿರುಗಿಸಿಲ್ಲ — ಸಿಳ್ಳೆ ನಿಂತಿತು. ಇಷ್ಟೇನಾ? ಹೊಸ ಅರಗು ಬಿಟ್ಟು ನನ್ನ ಉಗುರು ಒತ್ತಿದೆ. ಬೆರಳು ಸುಟ್ಟಿತು. ಗುರುತು ಚಿಕ್ಕದಾಯಿತು. ಕಳ್ಳತನ ಮಾಡಿದ ಹಾಗಿದೆ. ಯಾರದ್ದನ್ನು ಕದ್ದೆ?

ಸಂಜೆ

ಹಿಂದಿನ ಹಲಗೆ ಮುಚ್ಚುವ ಮೊದಲು ಜೇಠು ಆ ಅರಗಿನ ಮೇಲೆ ಬೆರಳಾಡಿಸಿದರು. ಬಹಳ ಹೊತ್ತು.

"ಬುಲ್ಟಿ, ಉಗುರು ಕತ್ತರಿಸ್ಕೋ. ಅರಗು ಸೀಳುತ್ತೆ."

ಅಷ್ಟೇ. ಆಮೇಲೆ ಬದನೆಕಾಯಿ ಬಜ್ಜಿ ತರಿಸಿದರು. ನನಗೆ ಒಂದು ಜಾಸ್ತಿ. ಸಿಟ್ಟಿದ್ದವರು ಬಜ್ಜಿ ಕೊಡುತ್ತಾರಾ? ಇವರು ಕೊಟ್ಟಾರು.

ಸೆಪ್ಟೆಂಬರ್ 20, ಹನ್ನೊಂದು ಗಂಟೆ

ಹಾಲ್ದಾರ್ ಬಾಬು ರಿಕ್ಷಾ ನಿಲ್ಲಿಸಿಕೊಂಡೇ ಬಂದರು. "ಇನ್ನೊಂದ್ಸಲ ಕೇಳಿ ಹೇಳು ಗೋಷ್ಠದಾ. ನೀನು ಹೇಳ್ದೆ ಒಯ್ಯಲ್ಲ."

ಜೇಠು ಸ್ವಿಚ್ ಹಾಕಿದರು. ವಾಲ್ವ್ ಬಿಸಿಯಾಯಿತು. ಹಾಡು ಬಂತು. ಜೇಠು ಕಣ್ಣು ಮುಚ್ಚಿದರು. ಮುಖ ಎಂದಿನ ಹಾಗೇ ಗಂಭೀರ. ಮೇಜಿನ ಕೆಳಗೆ ಅವರ ಕಾಲು ಬಂದು ನನ್ನ ಕಾಲಿಗೆ ತಾಗಿತು. ಸರಿಸಿಕೊಂಡೆ. ಮತ್ತೆ ಬಂತು. ನಿಂತಿತು.

ಕೇಳುತ್ತಿದ್ದಾರೆ. ನನ್ನನ್ನು.

ಕಿವಿಗೊಟ್ಟೆ. ಹಾಡು, ತಬಲಾ... ಬೇರೇನೂ ಇಲ್ಲ. ಇಲ್ಲ ತಾನೇ? ಇಲ್ಲ. ಅವರ ಕಾಲನ್ನು ಒಮ್ಮೆ ಒತ್ತಿದೆ.

"ಕ್ಲಿಯರ್," ಅಂದರು ಜೇಠು, ಕಣ್ಣು ಬಿಟ್ಟು.

"ಕಲ್ಕತ್ತಾದಲ್ಲಿ ಇಂಥ ಕಿವಿ ಇನ್ನೊಂದಿಲ್ಲ ಕಣಮ್ಮಾ," ಹಾಲ್ದಾರ್ ಬಾಬು ನನಗೆ ಹೇಳಿ, ಸೆಟ್ಟನ್ನು ಮಗುವಿನಂತೆ ಅಪ್ಪಿಕೊಂಡು ರಿಕ್ಷಾ ಹತ್ತಿದರು.

ಜೇಠು ಬಗ್ಗಿ ಪಾದ ಉಜ್ಜಿಕೊಂಡರು. "ಇನ್ಮೇಲೆ ಚಪ್ಪಲಿ ಬಿಟ್ಟು ಒತ್ತು. ಮುದುಕನ ಮೂಳೆ."

"ಯಾವಾಗಿಂದ, ಜೇಠು?" ಅಂದೆ. ಜೋರಾಗಿಯೇ ಅಂದೆ. ಮುಂದಿನ ಸೆಟ್ ನನ್ನ ಕಡೆ ತಳ್ಳಿದರು. ಎದ್ದುಹೋಗಿ ಗಿರಾಕಿಗಳ ಸ್ಟೂಲಿನ ಮೇಲೆ ಕೂತಿದ್ದಾರೆ. ನಾನು ಬರೆಯುವುದನ್ನೇ ನೋಡುತ್ತಿದ್ದಾರೆ.

"ಬರೆದಿದ್ದು ಸಾಕು, ಕಣ್ಣು ಮುಚ್ಚು," ಅನ್ನುತ್ತಿದ್ದಾರೆ. ಪೆನ್ನು ಇಟ್ಟು ಸ್ವಿಚ್ ಹಾಕುತ್ತೇನೆ.