ಪಾಸಾದ ಗಾಡಿಯಲ್ಲಿ ಒಮ್ಮೆ ಕುಳಿತು ನೋಡಿ

ಸಾರಿಗೆ ಇಲಾಖೆಯ ಮಾನ್ಯ ಅಧಿಕಾರಿಗಳೇ,

ಬ್ರೇಕು ಹಿಡಿಯದ ನನ್ನ ಹಳೇ ಮೋಟಾರನ್ನು ತಾವು ಪಾಸು ಮಾಡಿದಿರಿ. ಬ್ರೇಕು ಹಿಡಿಯುವ ಅಂಬಾಸಡರನ್ನು ಹುಮನಾಬಾದಿನ ಕಚೇರಿ ಆವರಣದಲ್ಲಿ ಬೀಗ ಹಾಕಿ ನಿಲ್ಲಿಸಿದಿರಿ. ಇದರ ಫಲವನ್ನು ಕೊಹಿನೂರದ ಒಬ್ಬ ಬಾಣಂತಿ ಅನುಭವಿಸುತ್ತಿದ್ದಾಳೆ. ಕಚೇರಿಯಲ್ಲಿ ಕೇಳಿದರೆ ಉತ್ತರ ಸಿಗದು, ಆದ್ದರಿಂದ ಊರ ಮುಂದೆಯೇ ಕೇಳುತ್ತಿದ್ದೇನೆ.

ನಾನು ಬಸವಕಲ್ಯಾಣದಲ್ಲಿ ಬಾಡಿಗೆ ಮೋಟಾರು ಓಡಿಸುವವನು. ನಿಜಾಮರ ಕಾಲದ ನನ್ನ ಗಾಡಿಗೆ ತಾವು ಪ್ರತಿ ವರ್ಷ ಹುಮನಾಬಾದಿಗೆ ತಪಾಸಣೆಯ ಕ್ಯಾಂಪಿಗೆ ಬಂದಾಗ ಪಾಸು ಕೊಡುತ್ತಿದ್ದ ರೀತಿ ನೋಡುವಂಥದ್ದು. ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಕಿಟಕಿಯ ಹೊರಗೆ ಇಂಜಿನ್ನಿನ ಸದ್ದು ಕೇಳಿದರೆ ಸಾಕು, ಚಹಾದ ಕಪ್ಪು ಕೆಳಗಿಡದೆ ಸಹಿ. ಈ ವರ್ಷ ಕಾಲಿನ ಬ್ರೇಕು ಪೂರ್ತಿ ಸತ್ತಿದೆ, ಕೈಬ್ರೇಕಿನ ಮೇಲೆ ಓಡಿಸುತ್ತಿದ್ದೇನೆ ಎಂದು ನಾನೇ ಬಾಯಿಬಿಟ್ಟು ಹೇಳಿದೆ. "ಓಡ್ತದಲ್ಲ, ಮತ್ತೇನು?" ಎಂದಿರಿ. ಕುಳಿತಲ್ಲಿಂದಲೇ ಬ್ರೇಕು ಪರೀಕ್ಷಿಸುವ ವಿದ್ಯೆಯನ್ನು ತಾವು ಯಾವ ಶಾಲೆಯಲ್ಲಿ ಕಲಿತಿರಿ?

ತಾವು ಅಂಜದಿದ್ದರೂ ನಾನು ಅಂಜಿದೆ. ಸೋಲಾಪುರದ ವೈದ್ಯರೊಬ್ಬರು ಓಡಿಸಿ ಬಿಟ್ಟ ಅಂಬಾಸಡರ್ ತಂದೆ. ಹಳೇ ಗಾಡಿಯ ರಬ್ಬರ್ ಭೋಂಪನ್ನು ಬಿಚ್ಚಿ ಅದಕ್ಕೆ ಕಟ್ಟಿದೆ. ಯಾಕೆಂದು ತಮಗೆ ಗೊತ್ತಿರಲಿಕ್ಕಿಲ್ಲ, ರಸ್ತೆಯ ಜನಕ್ಕೆ ಗೊತ್ತು. ಕಷ್ಟದ ಹೆರಿಗೆಯೆಂದು ಹೆಣ್ಣುಮಕ್ಕಳನ್ನು ಹುಮನಾಬಾದಿನ ದವಾಖಾನೆಗೆ ಒಯ್ಯುವಾಗ ನಾನು ಆ ಭೋಂಪನ್ನು ಬಿಡದೆ ಒತ್ತುತ್ತೇನೆ. ಅದರ ದನಿ ಕೇಳಿದವರು ಬಂಡಿಯನ್ನು ಹೊಲಕ್ಕೆ ಇಳಿಸಿ ದಾರಿ ಬಿಡುತ್ತಾರೆ. ಹಾರ್ನು ಬೇರೆ ಗಾಡಿಯದು ಎಂಬ ಘೋರ ಅಪರಾಧಕ್ಕಾಗಿ ತಾವು ಅಂಬಾಸಡರನ್ನು ತಡೆದಿರಿ. ಈಗಲೇ ಬಿಚ್ಚುತ್ತೇನೆ ಎಂದೆ. ಮುಂದಿನ ಕ್ಯಾಂಪಿಗೆ ಬಾ ಎಂದಿರಿ. ಅಂದು ಮಾತ್ರ ಕುರ್ಚಿಯಿಂದ ಎದ್ದಿರಿ, ಊಟಕ್ಕೆ ಹೊತ್ತಾಗಿತ್ತು.

ಆ ವಾರವೇ ಮಟಮಟ ಮಧ್ಯಾಹ್ನ ಕೊಹಿನೂರದ ಸುಂದರಬಾಯಿ ಬಂದಳು. ಮಗಳು ಸಂಗಮ್ಮನದು ಚೊಚ್ಚಲ ಹೆರಿಗೆ. ಬೇನೆ ತಿಂದು ಸುಸ್ತಾದರೂ ಕೂಸು ಇಳಿದಿರಲಿಲ್ಲ.

"ಅಕ್ಕಾ, ಈ ಗಾಡೀದು ಬ್ರೇಕ್ ಹಿಡ್ಯಾಂಗಿಲ್ಲ," ಎಂದೆ.

"ಸರಕಾರದವರು ಪಾಸ್ ಮಾಡ್ಯಾರಂತಲ್ರೀ ಅಣ್ಣಾ, ಅವರೇನು ಸುಳ್ಳ ಮಾಡ್ತಾರೇನ್ರಿ? ನಡೀರಿ, ಮಗಳು ಸಾಯಾಕತ್ತಾಳ."

ತಮ್ಮ ಸಹಿಯನ್ನು ನಂಬಿದವಳು ಈ ತಾಲೂಕಿನಲ್ಲಿ ಅವಳೊಬ್ಬಳೇ ಇರಬೇಕು. ಕೊಹಿನೂರಕ್ಕೆ ಹೋಗಿ ಸಂಗಮ್ಮನನ್ನು ಹತ್ತಿಸಿಕೊಂಡು ಹೊರಟೆ. ಹುಮನಾಬಾದ್ ಸಮೀಪದ ಇಳಿಜಾರಿನಲ್ಲಿ ಜೋಳದ ಕಣಿಕೆ ಹೇರಿದ ಬಂಡಿಗಳು ರಸ್ತೆ ತುಂಬ ಹೊರಟಿದ್ದವು. ನನ್ನ ಕೈ ರೂಢಿಯಂತೆ ಭೋಂಪಿನ ಕಡೆ ಹೋಯಿತು. ಭೋಂಪು ತಮ್ಮ ಆವರಣದಲ್ಲಿ ಭದ್ರವಾಗಿತ್ತು. ಕೂಗಿದೆ, ಯಾರೂ ತಿರುಗಲಿಲ್ಲ. ಜಗ್ಗಿದ ಕೈಬ್ರೇಕು ಕಿತ್ತು ಕೈಗೆ ಬಂತು. ಬಂಡಿಗೆ ಹೊಡೆಯುವ ಬದಲು ಗಾಡಿಯನ್ನು ಹೊಲಕ್ಕೆ ತಿರುಗಿಸಿದೆ. ಬದುವಿಗೆ ಬಡಿದು ನಿಂತಿತು.

ಆ ಬಂಡಿಯವರೇ ಸಂಗಮ್ಮನನ್ನು ದವಾಖಾನೆ ಮುಟ್ಟಿಸಿದರು. ಕೂಸು ಉಳಿಯಿತು. ಆ ಬಡಿತಕ್ಕೆ ಸಂಗಮ್ಮನ ಬಲಗೈ ಮುರಿದಿದೆ. ಕೂಸು ಅತ್ತಾಗ ಎತ್ತಿಕೊಳ್ಳಲಾರದೆ ಅವಳೂ ಅಳುತ್ತಾಳೆ. ನನ್ನಿಂದ ಅದನ್ನು ನೋಡಲಾಗುವುದಿಲ್ಲ. ತಾವು ನೋಡಬೇಕಾಗಿಲ್ಲ ಬಿಡಿ, ಕಿಟಕಿಯಿಂದ ಕೇಳಿದರೆ ತಮಗೆ ಸಾಕಲ್ಲ.

ಅಂಬಾಸಡರನ್ನು ಬಿಡಿ ಎಂದು ನಾನು ಬೇಡುವುದಿಲ್ಲ. ಅದು ತಮ್ಮ ಕೆಲಸ. ಬೇಡಿದರೆ ಉಪಕಾರ ಮಾಡಿದಂತೆ ಬೀಗುತ್ತೀರಿ. ಹಳೇ ಗಾಡಿಯನ್ನು ಹೊಲದಿಂದ ಎಳೆದು ತಂದಿದ್ದೇನೆ. ಇಂಜಿನ್ನು ಸದ್ದು ಮಾಡುತ್ತದೆ, ತಮ್ಮ ಪಾಸು ಇನ್ನೂ ಜಾರಿಯಲ್ಲಿದೆ. ಮುಂದಿನ ಕ್ಯಾಂಪಿನ ದಿನ ತಾವು ಮೊದಲು ಬಸವಕಲ್ಯಾಣಕ್ಕೆ ಬಂದು, ಇಲ್ಲಿಂದ ಹುಮನಾಬಾದಿಗೆ ಅದರಲ್ಲೇ, ಮುಂದಿನ ಸೀಟಿನಲ್ಲಿ ಕುಳಿತು ಬರಬೇಕು. ನಾನೇ ಓಡಿಸುತ್ತೇನೆ. ಇಳಿಜಾರಿನ ಕೆಳಗೆ ಸುಂದರಬಾಯಿ ನಿಂತಿರುತ್ತಾಳೆ. ತಮ್ಮ ಸಹಿ ಗಾಡಿಯನ್ನು ಹೇಗೆ ನಿಲ್ಲಿಸುತ್ತದೆಂದು ಅವಳು ನೋಡಬೇಕಂತೆ.

ಇಂತಿ,
ತಾವು ಪಾಸು ಮಾಡಿದ ಗಾಡಿಯ ನಪಾಸಾದ ಮಾಲೀಕ,
ವೈಜನಾಥ
ಬಸವಕಲ್ಯಾಣ, ೧೯೭೩