ಯುಕುಲೇಲೆಗೆ ಹೊಸ್ತಿಲಿನ ಬಣ್ಣ

ವಿಜಯನಗರ
ಗುರುವಾರ, 12 ಜೂನ್ 2025

ಪ್ರಿಯ ಸತ್ಯವತಿ,

ಫೋನಿನಲ್ಲಿ ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯ, ಆದ್ದರಿಂದ ಈ ಕಾಗದ. ಹರಿದು ಹಾಕುವುದಾದರೆ ಪೂರ್ತಿ ಓದಿದ ಮೇಲೆ ಹರಿ. ನಾನೇ ಮಹಾಲಕ್ಷ್ಮಿ ಲೇಔಟಿಗೆ ಬಂದು, ಗೇಟಿನ ಹತ್ತಿರವೇ ನಿನ್ನ ತಂಗಿ ಕಲಾವತಿಯ ಕೈಗೆ ಕೊಟ್ಟು ಹೋಗುತ್ತೇನೆ. ಒಳಗೆ ಬರುವುದಿಲ್ಲ, ಗಾಬರಿ ಬೇಡ.

ನಿನ್ನ ಯುಕುಲೇಲೆಯನ್ನು, ಆ ಪುಟ್ಟ ಗಿಟಾರನ್ನು, ನಾನು ಹಾಳು ಮಾಡಿದ್ದೇನೆ. ಮೊದಲೇ ಹೇಳಿಬಿಟ್ಟೆ. ಅದರ ಮಾಸಲು ಕಂದು ಬಣ್ಣ ನಿನಗೆ ಇಷ್ಟವಿರಲಿಲ್ಲ. ಗಾಢವಾದ ಬಣ್ಣ ಹಚ್ಚಿ ತಂದುಕೊಟ್ಟರೆ ನೀನು ಮಾತಾಡಿಸುತ್ತೀಯ, ಮನೆಗೂ ಬರುತ್ತೀಯ ಎಂದುಕೊಂಡೆ. ವರ್ಷಾ ವರ್ಷಾ ವರಮಹಾಲಕ್ಷ್ಮಿ ಹಬ್ಬಕ್ಕೆ ಹೊಸ್ತಿಲಿಗೆ ಹಳದಿ ಬಳಿಯುವವನು ನಾನೇ ತಾನೇ? ಆ ಡಬ್ಬದಲ್ಲಿ ಇನ್ನೂ ಅರ್ಧ ಉಳಿದಿತ್ತು.

ತಂತಿಗಳನ್ನು ಬಿಚ್ಚಿಟ್ಟೆ, ಅಷ್ಟು ಬುದ್ಧಿ ಇತ್ತು. ಆಮೇಲೆ ಹಬ್ಬದ ಮುಂಚೆ ದೇವರ ಮಣೆಗೆ ಮಾಡುವ ಹಾಗೆ ಕೊಬ್ಬರಿ ಎಣ್ಣೆ ಹಾಕಿ ಚೆನ್ನಾಗಿ ತಿಕ್ಕಿದೆ. ಮರ ಫಳಫಳ ಹೊಳೆಯಿತು. ಅದರ ಮೇಲೆ ಹಳದಿ, ಅಂಚಿಗೆ ಕೆಂಪು ಚುಕ್ಕಿ, ನಡುವಿನ ತೂತಿನ ಸುತ್ತ ಹಸಿರು ಮಾವಿನೆಲೆ. ಬಳಿದ ಗಳಿಗೆಯಲ್ಲಿ ನನಗೇ ಹೆಮ್ಮೆಯಾಯಿತು.

ಐದು ದಿನವಾಯಿತು, ಒಣಗಿಲ್ಲ. ಮುಟ್ಟಿದ ಕಡೆಯೆಲ್ಲ ಬೆರಳಿಗೆ ಅಂಟುತ್ತದೆ, ಒಂದು ಕಡೆ ಗುಳ್ಳೆ, ಇನ್ನೊಂದು ಕಡೆ ಪಾರಿವಾಳದ ಪುಕ್ಕ. ಪೇಂಟ್ ಅಂಗಡಿಯವನು ನೋಡಿ, "ಎಣ್ಣೆ ಮೇಲೆ ಬಣ್ಣ ಕೂರಲ್ಲ ಸಾರ್. ಮರಳು ಕಾಗದದಲ್ಲಿ ಉಜ್ಜಿ ಆಮೇಲೆ ಹಚ್ಬೇಕಿತ್ತು. ಯಾರ್ ಸಾರ್ ಹೇಳಿಕೊಟ್ಟಿದ್ದು ನಿಮ್ಗೆ?" ಎಂದ. ಮೂವತ್ತು ವರ್ಷ ಬೇರೆಯವರಿಗೆ ಪಾಠ ಹೇಳಿದ ಮೇಷ್ಟ್ರು ನಾನು. ಟೆರೇಸಿನ ತಂತಿಗೆ ನೇತುಹಾಕಿದ್ದನ್ನು ಮೇಲಿನ ಮನೆ ಚಿಕ್ಕಲಕ್ಷ್ಮಮ್ಮ ನೋಡಿ, "ಏನ್ ಸ್ವಾಮಿ, ಹೊಸ್ತಿಲು ಕಿತ್ತು ಒಣಗಾಕಿದೀರಾ?" ಎಂದರು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು ನನ್ನ ಕಥೆ.

ಸೀಮೆಎಣ್ಣೆ ಹಾಕಿ ಒರೆಸಿದೆ, ಎಲ್ಲ ಕಲಸಿ ಕೆಸರಾಯಿತು. ಇವತ್ತು ಮಧ್ಯಾಹ್ನ ಅದನ್ನು ಎತ್ತಿ ಬಿಸಾಡಬೇಕೆನ್ನಿಸಿತು. ಬಿಸಾಡಲಿಲ್ಲ. ಅದನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತೆ, ಪಂಚೆಯೂ ಹಳದಿಯಾಯಿತು.

ನನಗೆ ಸಿಟ್ಟೂ ಇದೆ ಸತ್ಯಾ. ಈ ಶನಿವಾರ ನಿಮ್ಮ ಯುಕುಲೇಲೆ ಕ್ಲಾಸಿನವರು ನುಡಿಸುವ ಕಾರ್ಯಕ್ರಮದ ಪಟ್ಟಿಯಲ್ಲಿ ನಿನ್ನ ಹೆಸರಿಲ್ಲದಾಗ ನಾನು "ಒಳ್ಳೇದೇ ಆಯ್ತು ಬಿಡು" ಎಂದದ್ದು ತಪ್ಪು, ಒಪ್ಪಿದೆ. ಆದರೆ ಪಟ್ಟಿ ಮಾಡಿದ್ದು ನಿನಗೆ ಕಲಿಸುವ ರಂಜಿನಿ ಮೇಡಂ. ಅವರನ್ನು ಒಂದು ಮಾತು ಕೇಳದೆ, ಬ್ಯಾಗ್ ತುಂಬಿಕೊಂಡು ನನ್ನನ್ನು ಬಿಟ್ಟು ಹೋದೆಯಲ್ಲ, ಇದು ಯಾವ ನ್ಯಾಯ?

ಊಟ ನಡೆಯುತ್ತಿದೆ. ಸಾರು ನೀನು ಮಾಡಿದಂತೆ ಬರುವುದಿಲ್ಲ. ಬಾ.

ನಿನ್ನ,
ಮಧ್ವೇಶ್

ತಾ.ಕ.: ಕಾಗದ ಮಡಿಸಿದ್ದೆ, ಮತ್ತೆ ಬಿಚ್ಚಿದೆ. ನ್ಯಾಯದ ಮಾತು ಬರೆಯುವ ಯೋಗ್ಯತೆ ನನಗಿಲ್ಲ. ರಂಜಿನಿಯವರಿಗೆ ಫೋನ್ ಮಾಡಿ, ಸತ್ಯವತಿಗೆ ಮೈ ಹುಷಾರಿಲ್ಲ, ಹೆಸರು ತೆಗೆದುಬಿಡಿ, ಅವಳನ್ನು ಕೇಳಿ ಬೇಜಾರು ಮಾಡಬೇಡಿ ಎಂದು ಹೇಳಿದವನು ನಾನು. ಈ ವಯಸ್ಸಿನಲ್ಲಿ ನೀನು ಸ್ಟೇಜ್ ಹತ್ತಿದರೆ ಬೀದಿಯವರು ನನ್ನನ್ನು ನೋಡಿ ನಗುತ್ತಾರೆ ಎಂದು ಹೆದರಿದೆ. ಈಗ ಅವರಿಗೆ ಫೋನ್ ಮಾಡಿ ನಿಜ ಹೇಳಿದೆ. ನಿನ್ನ ಹೆಸರು ಮತ್ತೆ ಸೇರಿದೆ, ಶನಿವಾರ ಸಂಜೆ ಐದು ಗಂಟೆಗೆ. ಅವರ ಹತ್ತಿರ ಇನ್ನೊಂದು ಯುಕುಲೇಲೆ ಇದೆಯಂತೆ. ಮನೆಗೆ ಬರದಿದ್ದರೂ ಅಲ್ಲಿಗೆ ಹೋಗು. ನಾನು ಕಣ್ಣಿಗೆ ಬೀಳುವುದು ಬೇಡವೆಂದರೆ ಕಲಾವತಿಯ ಕೈಲಿ ಹೇಳಿ ಕಳಿಸು, ಮನೆಯಲ್ಲೇ ಇರುತ್ತೇನೆ.