ಬೆರಳಿನ ಪಟ್ಟಿ ಜಗ್ಗಬ್ಯಾಡ್ರಿ

ಏನ್ರಿ,

ನೀವು ಮಗ್ಗದಿಂದ ಬರೂದ್ರಾಗ ನಾ ಜಮಖಂಡಿ ಬಸ್ಸಿನ್ಯಾಗ ಇರತೇನಿ. ರೊಟ್ಟಿ ಬುಟ್ಟ್ಯಾಗ ಅದಾವು, ಪುಂಡಿಪಲ್ಯ ಒಲಿಮ್ಯಾಲೆ ಐತಿ. ಅತ್ತಿಯವರಿಗೆ ಗುಳಿಗಿ ಉಂಡಮ್ಯಾಲೆ ಕೊಡ್ರಿ, ಬರೇ ಹೊಟ್ಟಿಲೆ ಬ್ಯಾಡ. ನನ್ನ ಮಗ್ಗದಾಗ ಎಳಿ ಹರದಾವು. ಸಾಹುಕಾರ್ರು ಕೇಳಿದ್ರ, ಸಂಜಿಕೆ ಬಂದು ಕೂಡಸ್ತಾಳ ಅನ್ರಿ.

ಲಾಳಿ ಬಡದ ನಿಮ್ಮ ಬೆರಳಿಗೆ ನಿನ್ನೆ ಪಟ್ಟಿ ಕಟ್ಟಿದ್ನಲ್ಲ, ಅದನ್ನ ಜಗ್ಗಬ್ಯಾಡ್ರಿ. ಪಾಳಿ ಮುಗಿಸಿ ಬಂದ ನನ್ನ ಕೈ, ಹರದ ಎಳಿಗೆ ಹಾಕೂ ಗಂಟನ್ನ ಹಾಕಿಬಿಟ್ಟೈತಿ. ಜಗ್ಗಿದಷ್ಟು ಬಿಗೀತೈತಿ. ಕತ್ತರಿ ಕಿಡಕ್ಯಾಗ ಇಟ್ಟೇನಿ, ಕತ್ತರಿಸೇ ತಗೀರಿ.

ಇವತ್ತಿನ ಪ್ರಥಮ ಚಿಕಿತ್ಸೆ ಪರೀಕ್ಷಾದಾಗೂ ಪಟ್ಟಿ ಕಟ್ಟೂದೈತಿ. ಅಲ್ಲಿ ಸರಳ ಬಿಚ್ಚೂವಂಥಾ ಗಂಟ ಬೇಕು. ಈ ಕೈ ಮತ್ತ ಮಗ್ಗದ ಗಂಟ ಹಾಕಿದ್ರ ನಪಾಸ. ನಪಾಸಾದ್ರ ನರ್ಸ್ ಸಾಲ್ಯಾಗ ತಗೋಳೂದಿಲ್ಲ, ಮತ್ತ ಅದೇ ಮಗ್ಗ.

"ಈ ವಯಸ್ಸಿನ್ಯಾಗ ನಿನಗ್ಯಾಕ ಬೇಕು ಇದು" ಅಂದ್ರಿ. ಆದ್ರ ಹಂಗಂದವ್ರು, ಬೆರಳಿಗೆ ರಕ್ತ ಬಂದಾಗ ಡಾಕ್ಟರ ಕಡೆ ಹೋಗಲಿಲ್ಲ. ಮನಿಗೆ ಬಂದು ಕೈ ನನ್ನ ಮುಂದ ಹಿಡದ್ರಿ. ಅದೊಂದನ್ನ ನೆನಸಕೊಂಡು ಹೊಂಟೇನಿ.

ಅನಸವ್ವ